ಹಿಂದಿನ ಗುಡ್ಡ ಅಳಿಸಿ
ಒಮಾನಿನ ಬೆಟ್ಟಗಳಲ್ಲಿ ಕಾಡುಪ್ರಾಣಿ ಕಾಯುವ ನಮ್ಮ ವಾಟ್ಸಾಪ್ ಗುಂಪನ್ನು ಕಟ್ಟಿದವಳು, ಆಳುವವಳು, ಬೈಯುವವಳು ಎಲ್ಲ ಝುವೈನಾ ಖಾಲಾ ಒಬ್ಬಳೇ, ನಮಗೆಲ್ಲ ಚಿಕ್ಕಮ್ಮನಂಥವಳು. ಬೆಟ್ಟದಿಂದ ಇಳಿದವನು ಮೊದಲು ತನ್ನ ಕಾಫಿ ಬಟ್ಟಲಿನ, ಅದರ ಜೊತೆ ತಿನ್ನುವ ಖರ್ಜೂರದ ಚಿತ್ರ ಹಾಕಬೇಕು. ಕ್ಷೇಮವಾಗಿ ಬಂದನೆಂಬುದಕ್ಕೆ ಅದೇ ಹಾಜರಿ. ಸಂಜೆಯೊಳಗೆ ಬಟ್ಟಲು ಕಾಣದಿದ್ದರೆ ಫೋನು ಬರುತ್ತದೆ: “ಬದುಕಿದ್ದೀಯೇನೋ, ಇಲ್ಲಾ ನಿನ್ನ ಹೆಂಡ್ತಿಗೆ ಬೇರೆ ಗಂಡು ನೋಡ್ಲಾ?” ಪ್ರಾಣಿಯ ಚಿತ್ರ ಹಾಕುವವರು ಹಿಂದಿನ ಗುಡ್ಡವನ್ನು ಅಳಿಸಿರಲೇಬೇಕು, ಏಕೆಂದರೆ ಪ್ರಾಣಿ, ಮರಿ ಕದ್ದು ಮಾರುವ ಕಳ್ಳರು ಗುಡ್ಡ ನೋಡಿಯೇ ಜಾಗ ಪತ್ತೆ ಹಚ್ಚುತ್ತಾರೆ. ಈ ಚಟ ಎಷ್ಟು ಬಲಿತಿದೆಯೆಂದರೆ, ಖಾಲಾ ತನ್ನ ಮೊಮ್ಮಗಳು ಹುಟ್ಟಿದಾಗ ಹಾಕಿದ ಚಿತ್ರದಲ್ಲಿ ಆಸ್ಪತ್ರೆಯ ಗೋಡೆಯನ್ನೂ ಅಳಿಸಿ, ಕೆಳಗೆ ಬರೆದಿದ್ದಳು: “ಹೆಣ್ಣು, ಮೂರು ಕಿಲೋ, ತಾಯಿ ಶಾಂತವಾಗಿದ್ದಾಳೆ, ಹತ್ತಿರ ಹೋಗಬೇಡಿ.” ಹೋದ ತಿಂಗಳು ಹೊಸಬ ಖಲ್ಫಾನ್ ಗಿಡುಗದ ಗೂಡನ್ನು ಗುಡ್ಡದ ಸಮೇತ ಹಾಕಿಬಿಟ್ಟ. ಖಾಲಾ ತಕ್ಷಣ ತೆಗೆದಳು. ಆದರೂ “ಕಳ್ಳರಿಗೆ ನಕ್ಷೆ ಬರ್ಕೊಟ್ಯಲ್ಲೋ!” ಎಂದು ಎಲ್ಲರೂ ಆಡಿಕೊಂಡಾಗ ಅವನು, “ನಾನು ಗುಂಪು ಬಿಡ್ತೀನಿ” ಎಂದ. ಆಗ ಖಾಲಾ ಇಪ್ಪತ್ತು ವರ್ಷ ಹಳೆಯ ಚಿತ್ರವೊಂದನ್ನು ಹಾಕಿದಳು: ಗಿಡುಗದ ಗೂಡು, ಹಿಂದೆ ಇಡೀ ಗುಡ್ಡ. “ಇದು ನಾನು ಪೇಪರಿಗೆ ಕೊಟ್ಟಿದ್ದು. ನಾಲ್ಕೇ ದಿನಕ್ಕೆ ಮರಿಗಳು ಹೋದ್ವು. ಅವತ್ತು ನನ್ ಜೊತೆ ಕೂತು ಅಳೋಕೆ ಒಬ್ರೂ ಇರ್ಲಿಲ್ಲ, ಅದಕ್ಕೇ ಈ ಗುಂಪು. ಬಿಟ್ಟು ಹೋಗ್ತಾನಂತೆ! ನಾಳೆ ಬಟ್ಟಲು ತೋರ್ಸು.” ಮರುದಿನ ಖಲ್ಫಾನನ ಬಟ್ಟಲು ಬಂತು, ಮೇಜು, ಗೋಡೆ, ಕಿಟಕಿ ಎಲ್ಲ ಅಳಿಸಿಹೋಗಿ ಬಟ್ಟಲೊಂದೇ ಗಾಳಿಯಲ್ಲಿ ತೇಲುತ್ತಿತ್ತು. ಖಾಲಾ ಕೂಡಲೇ ಬೈದಳು: “ಖರ್ಜೂರಾನೂ ಅಳಿಸ್ಬಿಟ್ಯೇನೋ? ಬರೀ ಹೊಟ್ಟೇಲಿ ಕಾಫಿ ಕುಡೀಬೇಡ!”