ಆಷಾಢಕ್ಕೆ ಸಾಕ್ಷಿ ಕೇಳಿದರು

ನಾನು ಕೇಳದೆಯೇ ಯಜಮಾನರು ಕಾಫಿ ಮಾಡಿಕೊಟ್ಟರೆ, ಏನೋ ಮುಚ್ಚಿಡುತ್ತಿದ್ದಾರೆ ಎಂದು ಮೊದಲು ಯೋಚಿಸುವ ಹೆಂಗಸು ನಾನು. ದೇವರು ಪ್ರತ್ಯಕ್ಷನಾದರೂ ಇವಳು ಗುರುತಿನ ಚೀಟಿ ಕೇಳುತ್ತಾಳೆ ಎಂದು ಅಪ್ಪ ಹಾಸ್ಯ ಮಾಡುತ್ತಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಚಿಕ್ಕಂದಿನಲ್ಲೇ ಗಟ್ಟಿಯಾಗಿ ಕಲಿತುಬಿಟ್ಟೆ, ಆಮೇಲೆ ಹಾಲನ್ನೂ ನಂಬದಂತಾದೆ.

ಅಂಥವಳಿಗೆ ಸಿಕ್ಕಿದ್ದು ಷರತ್ತಿನ ಗ್ರೀನ್ ಕಾರ್ಡು. ಯಜಮಾನರು ಮೈಸೂರಿನವರೇ, ಆದರೆ ನಮ್ಮ ಮದುವೆಯ ಹೊತ್ತಿಗೆ ಅಮೆರಿಕದ ಪ್ರಜೆಯಾಗಿದ್ದರು. ಮದುವೆಯಾಗಿ ಎರಡು ವರ್ಷ ತುಂಬುವ ಮುಂಚೆ ಅಲ್ಲಿ ಕಾಲಿಟ್ಟ ಹೆಂಡತಿಗೆ ಕೊಡುವ ಕಾರ್ಡಿನ ಆಯುಸ್ಸು ಎರಡೇ ವರ್ಷ. ಅದು ಮುಗಿಯುವ ಮುನ್ನ ಇಬ್ಬರೂ ಸಹಿ ಹಾಕಿ, ನಮ್ಮದು ನಿಜವಾದ ಸಂಸಾರ, ಕಾರ್ಡಿಗಾಗಿ ಕಟ್ಟಿದ ನಾಟಕವಲ್ಲ ಎಂದು ತೋರಿಸಬೇಕು. ಆಗ ಷರತ್ತು ತೆಗೆದು ಬೇರೆ ಕಾರ್ಡು ಕೊಡುತ್ತಾರೆ. ಈ ನಡುವೆ ಅವರ ಕಂಪನಿ ಅವರನ್ನು ಕುವೈತಿನ ಗುತ್ತಿಗೆ ಕೆಲಸಕ್ಕೆ ಕಳಿಸಿತು. ಅಮೆರಿಕದಿಂದ ಹೊರಗಿರಲು ಬೇಕಾದ ಅನುಮತಿಗೆ ಅರ್ಜಿ ಹಾಕಿ ನಾನೂ ಜೊತೆಗೆ ಬಂದೆ. ಅಬು ಹಲೀಫಾದಲ್ಲಿ ಸಮುದ್ರ ಒಂದು ಚೂರು ಮಾತ್ರ ಕಾಣುವ ಫ್ಲ್ಯಾಟು. ಇಲ್ಲಿ ನನ್ನ ಇಕಾಮಾ, ಅಂದರೆ ವಾಸದ ಪರವಾನಗಿ, ಅವರ ಹೆಸರಿನ ಕೆಳಗೆ, ಅಲ್ಲಿ ನನ್ನ ಕಾರ್ಡು ಅವರ ಸಹಿಯ ಕೆಳಗೆ. ಎರಡು ದೇಶಗಳಲ್ಲೂ ನನ್ನ ಹೊಣೆ ಹೊತ್ತ ಕಫೀಲ್ ಒಬ್ಬನೇ.

ಅರ್ಜಿಯ ಕೆಲಸಕ್ಕೆ ಹ್ಯೂಸ್ಟನ್ನಿನ ವಕೀಲೆಯೊಬ್ಬರನ್ನು ಹಿಡಿದೆವು. ಪಂಜಾಬಿ ಮೂಲದವರು, ಇಂಗ್ಲಿಷಿನಲ್ಲೇ ಮಾತು, ಲ್ಯಾಪ್‌ಟಾಪಿನ ಪರದೆಯಲ್ಲೇ ಭೇಟಿ. ಆಕೆ ಮೊದಲು ಫೋಟೊ ಕೇಳಿದರು. ನಮ್ಮ ಫೋಟೊಗಳಲ್ಲೆಲ್ಲ ನಮ್ಮಿಬ್ಬರ ನಡುವೆ ಯಾರಾದರೊಬ್ಬ ಚಿಕ್ಕಪ್ಪ ನಿಂತಿರುತ್ತಾರೆ. ಹಾಗಾಗಿ ಯಜಮಾನರು ಒಂದು ಶುಕ್ರವಾರ ನನ್ನನ್ನು ಸಮುದ್ರದ ದಂಡೆಗೆ ಕರೆದುಕೊಂಡು ಹೋಗಿ, ಕಾರಿನಲ್ಲೇ ಬಟ್ಟೆ ಬದಲಿಸುವಂತೆ ಹೇಳಿ, ಮೂರು ಸಂಜೆ ಕಳೆದವರ ಹಾಗೆ ಫೋಟೊ ತೆಗೆಸಿದರು. ಮೂರರಲ್ಲೂ ಹಿಂದೆ ಅದೇ ಈಜಿಪ್ಟಿನ ಕುಟುಂಬ ಅದೇ ಚಾಪೆಯ ಮೇಲೆ ಕೂತು ಕಲ್ಲಂಗಡಿ ತಿನ್ನುತ್ತಿತ್ತು. ವಕೀಲೆ ಚೆನ್ನಾಗಿ ಬೈದರು, ಇಂಥದ್ದು ಕಳಿಸಿದರೆ ನಿಜವಾದ ಮದುವೆಯೂ ಸುಳ್ಳಾಗುತ್ತದೆ ಎಂದರು. ನನಗೆ ಬೇರೆಯೇ ಯೋಚನೆ ಹತ್ತಿತು. ಈ ಮನುಷ್ಯನಿಗೆ ಇಲ್ಲದ್ದನ್ನು ಇದೆ ಎಂದು ತೋರಿಸುವುದು ಇಷ್ಟು ಸಲೀಸಾಗಿ ಹೇಗೆ ಬರುತ್ತದೆ?

ಅದಕ್ಕೆ ಸರಿಯಾಗಿ ಅವರು ಸಹಿಯನ್ನೂ ಮುಂದೂಡುತ್ತಿದ್ದರು. ಅರ್ಜಿಯ ಹಾಳೆಗಳು ಊಟದ ಮೇಜಿನ ಮೇಲೆ ಬಿದ್ದಿದ್ದವು. ನಾನು ಅವುಗಳನ್ನು ಎತ್ತಿಟ್ಟು ತಟ್ಟೆ ಹಾಕುವುದು, ಊಟವಾದ ಮೇಲೆ ಮತ್ತೆ ಹರಡುವುದು. "ಇವತ್ತು ಹಾಕ್ತೀರಾ?" ಎಂದರೆ "ನಿಧಾನವಾಗಿ ಓದಿ ಹಾಕ್ತೀನಿ" ಎನ್ನುವರು. ಅಡುಗೆ ಅನಿಲದ ಬಿಲ್ಲನ್ನೂ ಓದದವರು ಅವರು. ಬೇರೆ ಯಾರೋ ಇದ್ದಾಳೆ ಎಂದು ನಾನು ತೀರ್ಮಾನಿಸಿದೆ. ಅವರು ಸ್ನಾನಕ್ಕೆ ಹೋದಾಗ ಫೋನು ನೋಡಿದೆ. ಹೋಲ್‌ಸೇಲ್ ಬಾಳೆಹಣ್ಣಿನ ಅಂಗಡಿಯವನ ಸಂದೇಶ ಬಿಟ್ಟರೆ ಏನೂ ಇರಲಿಲ್ಲ. ಅಷ್ಟು ಸ್ವಚ್ಛವಾಗಿರುವುದೂ ಅನುಮಾನಕ್ಕೆ ಕಾರಣವೇ.

ಅಷ್ಟರಲ್ಲಿ ವಕೀಲೆ ನನ್ನ ಪ್ರಯಾಣದ ವಿವರ ನೋಡಿ ಒಂದು ಕಡೆ ನಿಂತರು. ಹೊಸದಾಗಿ ಹ್ಯೂಸ್ಟನ್ನಿಗೆ ಬಂದ ಹೆಂಡತಿ ಎರಡು ತಿಂಗಳಿಗೇ ಗಂಡನನ್ನು ಬಿಟ್ಟು ತವರಿಗೆ ಹೋಗಿ ಒಂದು ತಿಂಗಳು ಕೂತದ್ದೇಕೆ?

ಆಷಾಢ ಎಂದೆ. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ತುಳಿಯಬಾರದು, ಗಂಡ ಹೆಂಡತಿಯೂ ಬೇರೆ ಇರಬೇಕು, ಸೊಸೆ ತವರಿಗೆ ಹೋಗುತ್ತಾಳೆ, ನಮ್ಮ ಕಡೆ ಹೀಗೇ ಎಂದು ವಿವರಿಸಿದೆ. ನಿಜವಾದ ಮೊದಲ ಆಷಾಢದಲ್ಲಿ ನಾನಿನ್ನೂ ಮೈಸೂರಿನಲ್ಲಿ ವೀಸಾ ಕಾಯುತ್ತಿದ್ದೆ. ಅದು ಲೆಕ್ಕಕ್ಕಿಲ್ಲ, ಒಟ್ಟಿಗೆ ಬಾಳಿದ ಮೇಲಿನದ್ದೇ ಮೊದಲನೆಯದು ಎಂದು, ಆಗ ಮಗನ ಮನೆಗೆ ಬಂದಿದ್ದ ಅತ್ತೆ ಹೇಳಿದ್ದರು. ಇದಕ್ಕೆ ದಾಖಲೆ ಇದೆಯೇ ಎಂದು ವಕೀಲೆ ಕೇಳಿದರು. ಪಂಚಾಂಗವಿದೆ ಎಂದೆ. ಸಂಸಾರ ನಿಜವೆಂದು ತೋರಿಸಬೇಕಾದವರು ಶಾಸ್ತ್ರಕ್ಕೆಂದು ದೂರವಾದದ್ದೇ ನಮಗೆ ಮುಳುವಾಗಿತ್ತು. ಸಂದರ್ಶನಕ್ಕೆ ಕರೆದರೆ ಮೊದಲು ಕೇಳುವುದು ಇದನ್ನೇ, ಇಬ್ಬರ ಉತ್ತರವೂ ತಾಳೆಯಾಗದಿದ್ದರೆ ಕಾರ್ಡು ಹೋದಂತೆಯೇ ಎಂದು ಆಕೆ ಹೇಳಿದರು. ಒಬ್ಬೊಬ್ಬರನ್ನೇ ಕೂರಿಸಿ ತಾವೇ ಪ್ರಶ್ನೆ ಕೇಳುವುದಾಗಿಯೂ ಹೇಳಿದರು.

ನನ್ನ ಸರದಿ ಮುಗಿದು ಯಜಮಾನರು ಕೂತಾಗ ನಾನು ಅಡುಗೆಮನೆಗೆ ಹೋಗಿ ಫ್ಯಾನು ಆರಿಸಿ ಕಿವಿಗೊಟ್ಟೆ. ಆಷಾಢದ ಪ್ರಶ್ನೆ ಬಂತು. ಅವರು, ತವರಿಗೆ ಕಳಿಸಬೇಕೆಂಬ ಮಾತು ತಾಯಿಯದಲ್ಲ, ತಾವೇ ಅವರ ಬಾಯಲ್ಲಿ ಹೇಳಿಸಿದ್ದು ಎಂದರು. ಆಫೀಸಿನಲ್ಲಿ ಒಬ್ಬರ ಹೆಂಡತಿ ಷರತ್ತು ತೆಗೆದ ತಿಂಗಳೇ ಗಂಟುಮೂಟೆ ಕಟ್ಟಿ ಹೋಗಿದ್ದಳಂತೆ. ಅಂದಿನಿಂದ ಇವರಿಗೆ ಭಯ. ನನ್ನನ್ನು ಕಳಿಸಿ, ನಾನಾಗಿಯೇ ಬರುತ್ತೇನೋ ನೋಡೋಣ ಅಂದುಕೊಂಡಿದ್ದರಂತೆ.

ನಾನು ಸೌಟು ಹಿಡಿದುಕೊಂಡೇ ಒಳಗೆ ಹೋದೆ.

"ನನ್ನ ಪರೀಕ್ಷೆ ಮಾಡೋಕೆ ತವರಿಗೆ ಕಳಿಸಿದ್ರಾ?"

"ಹೂಂ."

"ಕಾರ್ಡಿಗೆ ಆಸೆಪಟ್ಟೋಳಾಗಿದ್ರೂ ವಾಪಸ್ ಬಂದೇ ಬರ್ತಿದ್ದೆ ಅಲ್ವೇನ್ರೀ? ಅದರಿಂದ ನಿಮಗೆ ಏನ್ ಗೊತ್ತಾಯ್ತು?"

"ಏನೂ ಗೊತ್ತಾಗ್ಲಿಲ್ಲ ಕಣೆ. ನೀನು ಏರ್‌ಪೋರ್ಟಿಂದ ಹೊರಗೆ ಬಂದಾಗಲೇ ಅದು ಹೊಳೀತು."

"ಸಹಿ ಯಾಕೆ ಹಾಕ್ತಿಲ್ಲ ಅಂತ ಈಗ ಗೊತ್ತಾಯ್ತು."

"ಹಾಕಿದ್ಮೇಲೆ ನೀನು ಹೊರಟ್ಹೋದ್ರೆ?" ಎಂದರು. ನನಗೆ ಕನಿಕರ ಬರಲಿಲ್ಲ, ಮೈಯೆಲ್ಲ ಉರಿಯಿತು. ಇನ್ನೊಬ್ಬಳು ಇದ್ದಿದ್ದರೆ ಅವಳನ್ನಾದರೂ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇಲ್ಲಿ ಅವರು ಅನುಮಾನಪಟ್ಟದ್ದು ನನ್ನನ್ನೇ. ಅದೂ ಪಕ್ಕದಲ್ಲೇ ಮಲಗಿ, ನಾನು ಬಡಿಸಿದ್ದನ್ನು ಉಂಡು.

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರೂ ಬಿಡಲಿಲ್ಲ, ನಾನು ಫೋನು ನೋಡಿದ್ದು ಅವರಿಗೆ ಗೊತ್ತಿತ್ತಂತೆ. ಒಂದಕ್ಷರವೂ ಅರ್ಥವಾಗದ ವಕೀಲೆ ಪರದೆಯಲ್ಲಿ ಕೂತು ನಮ್ಮನ್ನು ನೋಡುತ್ತಲೇ ಇದ್ದರು. ನಾವು ಸುಸ್ತಾದ ಮೇಲೆ, ಕಾರ್ಡಿಗಾಗಿ ಮದುವೆಯಾದವರು ತಮ್ಮೆದುರು ಹೀಗೆ ಕಿತ್ತಾಡಿದ್ದನ್ನು ಇದುವರೆಗೆ ಕಂಡಿಲ್ಲ ಎಂದರು. ಇದ್ದದ್ದನ್ನು ಇದ್ದ ಹಾಗೆ, ಶಾಸ್ತ್ರವನ್ನೂ ಭಯವನ್ನೂ ಇಬ್ಬರೂ ಬರೆದುಕೊಡಿ ಎಂದು ಹೇಳಿ ಕರೆ ಮುಗಿಸಿದರು. ಯಜಮಾನರು ಆಗಲೇ ಸಹಿ ಹಾಕಿದರು. ಹೆದರಿ ಹಾಕಿದರೋ ನಂಬಿ ಹಾಕಿದರೋ ನಾನು ಕೇಳಲಿಲ್ಲ.

ಆಮೇಲೆ ಬೆರಳಚ್ಚು ಕೊಡಲು ಹ್ಯೂಸ್ಟನ್ನಿಗೆ ಹೋಗಿಬಂದೆವು. ಮತ್ತೆ ಬರೀ ಕಾಯುವುದು. ಆ ದಿನಗಳಲ್ಲಿ ಇಬ್ಬರೂ ಅತಿಥಿಗಳ ಹಾಗೆ ನಯವಾಗಿದ್ದೆವು. ನಾನು ಅಮ್ಮನ ಜೊತೆ ಫೋನಿನಲ್ಲಿ ದನಿ ತಗ್ಗಿಸಿದರೆ ಅವರು ಟಿವಿಯ ಸದ್ದು ತಗ್ಗಿಸುವರು. ಹೊಸ ಸೂಟ್‌ಕೇಸು ಕೊಂಡಾಗ, "ಎಷ್ಟು ಕೇಜಿ ಹಿಡಿಸುತ್ತೆ?" ಎಂದು ಎರಡು ಸಲ ಕೇಳಿದರು.

ಸಂದರ್ಶನಕ್ಕೆ ಕರೆ ಬರಲಿಲ್ಲ. ಪಕ್ಕದ ಎಗೈಲಾದ ಮಾಲಿನ ಮುಂದೆ ಕಾರು ನಿಲ್ಲಿಸುತ್ತಿದ್ದಾಗ ವಕೀಲೆಯ ಸಂದೇಶ ಬಂತು. ಷರತ್ತು ತೆಗೆದಿದ್ದರು, ಕಾರ್ಡು ಮಂಜೂರಾಗಿತ್ತು. ಓದಿ ಹೇಳಿದೆ. ಯಜಮಾನರು ಎಂಜಿನ್ ಆರಿಸಲಿಲ್ಲ. ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಎದುರಿನ ಗೋಡೆ ನೋಡುತ್ತ ಕೇಳಿದರು, "ಇರ್ತೀಯಾ?"

ಮದುವೆಯಾದಾಗಿನಿಂದ ಮೊದಲ ಬಾರಿಗೆ ನಾನು ಇಲ್ಲ ಎಂದರೆ ಯಾರೂ ನನ್ನಿಂದ ಆ ಕಾರ್ಡನ್ನು ಕಿತ್ತುಕೊಳ್ಳುವಂತಿರಲಿಲ್ಲ. ಸಿಟ್ಟು ಇನ್ನೂ ಹಾಗೇ ಇತ್ತು. ಅವರನ್ನು ಸ್ವಲ್ಪ ಹೊತ್ತು ಕಾಯಿಸಿದೆ, ಅದು ನನಗೆ ಹಿತವಾಗಿಯೂ ಇತ್ತು.

"ಇರ್ತೀನಿ" ಎಂದೆ.

ಅವರು ನನ್ನ ಕಡೆ ತಿರುಗಿ, ಇದು ನಿಜವೋ ಸುಳ್ಳೋ ಎಂದು ಮುಖವನ್ನೆಲ್ಲ ಹುಡುಕಿದರು. ನಾನು ಸಾಕ್ಷಿ ಕೊಡಲಿಲ್ಲ.