ಹನ್ನೊಂದು ಕಡೆ ಹೊಡೆದ ಹೆಸರು

ನಂಜನಗೂಡಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ, ಹಳೆಯ ಪೇಪರುಗಳ ಕಪಾಟಿನ ಪಕ್ಕ ಒಂದು ಮೇಜು. ಎಂ.ಎ. ಓದುವವರಿಗೆ ಕಿರುಪ್ರಬಂಧ ಬರೆಯುವುದನ್ನು ಹೇಳಿಕೊಡಲು ಅಲ್ಲಿ ಕೋಮಲ ಕೂರುತ್ತಿದ್ದಳು. ಮೇಷ್ಟ್ರಲ್ಲ, ಅವಳೂ ವಿದ್ಯಾರ್ಥಿನಿಯೇ. ಅವಳ ಸ್ವಂತ ಪಿಎಚ್.ಡಿ. ಆರು ವರ್ಷದಿಂದ ಮೂರನೇ ಅಧ್ಯಾಯದಲ್ಲೇ ಕುಂಟುತ್ತಿತ್ತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಹುಡುಗರು ಬೆನ್ನ ಹಿಂದೆ ನಗುತ್ತಿದ್ದರು. ಪ್ರಬಂಧ ಒಪ್ಪಿಸುವ ತಿಂಗಳು ಬಂತೆಂದರೆ ಅದೇ ಹುಡುಗರಿಗೆ ಅವಳ ಮೇಜೇ ಗತಿ.

ಅವಳದೊಂದು ನೇಮವಿತ್ತು. ಇನ್ನೊಬ್ಬರ ಬರಹದ ಮೇಲೆ ತಾನು ಒಂದು ಗೀಟನ್ನೂ ಎಳೆಯಳು. ಪೆನ್ಸಿಲ್ಲು ಬರೆದವರ ಕೈಯಲ್ಲೇ ಇರಬೇಕು. ಇವಳು ಹೇಳುವುದು, ಅವರು ತಿದ್ದುವುದು. ಒಳ್ಳೆಯ ನೇಮವೇ, ಇಲ್ಲವೆನ್ನುವುದಿಲ್ಲ. ಆದರೆ ನೇಮ ಹಿಡಿದವರಿಗೆ ತಮ್ಮ ಕೈ ಶುದ್ಧವೆಂಬ ಭ್ರಮೆ ಬೇಗ ಹತ್ತಿಕೊಳ್ಳುತ್ತದೆ.

ಬನ್ನೂರು ಕಡೆಯ ಹಳ್ಳಿಯ ಶಿವಮೂರ್ತಿ ಆಲೆಮನೆ ಕೂಲಿಗಳ ಬಗ್ಗೆ ಬರೆದ ಪ್ರಬಂಧ ಹಿಡಿದು ಅವಳ ಬಳಿಗೆ ಬಂದ. ಹದಿನೇಳು ವರ್ಷದ ಹಿಂದೆ ಅವನ ಅಪ್ಪ ಮಂಟೇಸ್ವಾಮಿ, ಅಂಥದೇ ಒಂದು ಆಲೆಮನೆಯಲ್ಲಿ, ಬೆಲ್ಲ ಕಾಯಿಸುವ ಕೊಪ್ಪರಿಗೆಗೆ ಜಾರಿಬಿದ್ದು ಸತ್ತಿದ್ದ. ಐದು ವರ್ಷ ಅಲ್ಲಿ ಒಲೆಗೆ ಉರಿ ಹಾಕಿದವನು. ಯಜಮಾನರು ಪೊಲೀಸರಿಗೆ ಹೇಳಿದ್ದೇ ಬೇರೆ: ಆ ಹೆಸರಿನ ಆಳು ನಮ್ಮಲ್ಲಿಲ್ಲ, ಯಾರೋ ಬಿಸಿಬೆಲ್ಲ ತಿನ್ನಲು ಬಂದವನು. ಊರೂ ಅದನ್ನೇ ನಂಬಿತು. ಶಿವಮೂರ್ತಿ ಬೆಲ್ಲದಾಸೆಗೆ ಸತ್ತವನ ಮಗನಾಗಿಯೇ ಬೆಳೆದ.

ಅವನ ತಾಯಿ ಮರಿತಾಯಮ್ಮ ಗಂಡನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಹಿಂದಿನವರ ಪದ್ಧತಿ, ರೇಷನ್ ಅಂಗಡಿಯಲ್ಲೂ ಪಕ್ಕದವರಿಂದ ಹೇಳಿಸುತ್ತಿದ್ದಳು. ಮಗ ಮೊಬೈಲಿನಲ್ಲಿ ಅವಳ ಮಾತು ರೆಕಾರ್ಡ್ ಮಾಡಲು ಕೂತ ದಿನ, "ಬುಕ್ಕಲ್ಲಿ ಅವ್ರೆಸ್ರು ಬತ್ತದಾ? ಅಲ್ಲಿ ಕೂಲಿ ಮಾಡ್ತಿದ್ರು ಅಂತ ಬತ್ತದಾ?" ಎಂದು ಎರಡೆರಡು ಸಲ ಕೇಳಿದಳು. ಬರುತ್ತದೆ ಎಂದ ಮೇಲೆ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಹುಟ್ಟಿದ ಮೇಲೆ ಮೊದಲ ಸಲ ಆ ಹೆಸರು ಹೇಳಿದಳು.

ಇದನ್ನೆಲ್ಲ ಕೇಳಿ ಕೋಮಲಳ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು ಅವಳು ಹೇಳಿದ್ದು ಇಷ್ಟು:

"ಮಾಹಿತಿ ಕೊಟ್ಟವರ ಹೆಸರು, ಅವರ ಮನೆಯವರ ಹೆಸರು ಹಾಕಬಾರದು ಕಣೋ. ನಂಬರ್ ಕೊಡಬೇಕು. ಇಲ್ದಿದ್ರೆ ವಾಪಸ್ ಕಳಿಸ್ತಾರೆ."

"ಅವ್ವಂಗೆ ಮಾತ್ ಕೊಟ್ಟಿವ್ನಿ ಕೋಮಲಕ್ಕ."

"ಮಾತು ಮನೇಲಿ. ಇದು ಪ್ರಬಂಧ."

ಮರಿತಾಯಮ್ಮ ಒಪ್ಪಿಗೆ ಪತ್ರಕ್ಕೆ ಒಂದು ಹೆಬ್ಬೆಟ್ಟು ಒತ್ತಿದ್ದರೆ ಹೆಸರನ್ನು ಉಳಿಸಿಕೊಳ್ಳಬಹುದಿತ್ತು. ಅದಕ್ಕೆ ಹುಡುಗನ ಗೈಡನ್ನು ಒಂದು ಮಾತು ಕೇಳಬೇಕಿತ್ತು, ಅಷ್ಟೆ. ಕೋಮಲ ಕೇಳಲಿಲ್ಲ. ಆರು ವರ್ಷದಿಂದ ಬೈಸಿಕೊಂಡವಳು ಗೈಡುಗಳ ಬಾಗಿಲು ಕಂಡರೆ ಸುತ್ತುಹಾಕಿ ಹೋಗುತ್ತಿದ್ದಳು. ಹುಡುಗ ತನ್ನ ಪೆನ್ಸಿಲ್ಲಿನಿಂದ ತಾನೇ, ಹನ್ನೊಂದು ಕಡೆ, ಅಪ್ಪನ ಹೆಸರು ಹೊಡೆದುಹಾಕಿದ. ಮಂಟೇಸ್ವಾಮಿ ಇದ್ದಲ್ಲೆಲ್ಲ 'ಮಾಹಿತಿದಾರರು ಏಳು, ಇವರ ಪತಿ' ಬಂದು ಕೂತಿತು. ಕೋಮಲ ಪುಟ ತಿರುವಿಕೊಟ್ಟಳು.

ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ಒಂದು ದಿನ ತಾಯಿ ಮಗ ಇಬ್ಬರೂ ತಿ. ನರಸೀಪುರದ ಬಸ್ಸಿಳಿದು ಲೈಬ್ರರಿಗೆ ಬಂದರು. ಮರಿತಾಯಮ್ಮನ ಕೈಯಲ್ಲಿ ಬೈಂಡ್ ಮಾಡಿಸಿದ ಪುಸ್ತಕ.

"ಅವ್ರೆಸ್ರು ಎಲ್ಲದೆ ತೋರ್ಸವ್ವ. ಇವ್ನ ಕೇಳುದ್ರೆ ತಲೆ ತಗ್ಗುಸ್ತಾನೆ."

ಶಿವಮೂರ್ತಿ ಆಗಲೂ ತಲೆ ತಗ್ಗಿಸಿಯೇ ನಿಂತಿದ್ದ. ನಿಜ ಹೇಳಲು ಕೋಮಲಳಿಗೆ ಬಾಯಿ ಬರಲಿಲ್ಲ. ಅಕ್ಷರ ಕಾಣದ ಆ ಬೆರಳನ್ನು ಹಿಡಿದು 'ಮಾಹಿತಿದಾರರು ಏಳು' ಎಂಬುದರ ಮೇಲಿಟ್ಟು, "ಮಂಟೇಸ್ವಾಮಿ" ಎಂದು ಓದಿಬಿಟ್ಟಳು. ಮರಿತಾಯಮ್ಮ ಬೆರಳನ್ನು ಕಣ್ಣಿಗೊತ್ತಿಕೊಂಡಳು. ಆ ಪುಟವನ್ನು ಜೆರಾಕ್ಸ್ ಮಾಡಿಸಿಕೊಂಡು ಹೋದಳು.

ಮುಂದಿನ ವಾರ ಅವಳು ಒಬ್ಬಳೇ ಬಂದಳು. ಜೆರಾಕ್ಸ್ ಹಾಳೆಯನ್ನು ಮೇಜಿನ ಮೇಲಿಟ್ಟು ಕೂತಳು. ಹದಿನೇಳು ವರ್ಷದ ಮೇಲೆ, ಆ ಹಾಳೆ ಹಿಡಿದು, ಆಲೆಮನೆ ಯಜಮಾನರ ಜಗಲಿಗೆ ಹೋಗಿದ್ದಳಂತೆ. ಊರಿನ ನಾಲ್ಕು ಜನರನ್ನೂ ಕರೆದುಕೊಂಡೇ ಹೋಗಿದ್ದಳಂತೆ.

"ಕನ್ನಡ್ಕ ಆಕ್ಕಂಡು ಎಲ್ಡ್ ಸಲ ಓದುದ್ರು. ಇದ್ರಲ್ಲೂ ನಿನ್ ಗಂಡನ್ ಎಸ್ರಿಲ್ವಲ್ಲಮ್ಮಿ ಅಂದ್ರು. ಎಲ್ರೂ ನಕ್ರು."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಕೋಮಲ ತಡೆದುಕೊಳ್ಳುತ್ತಿದ್ದಳು.

"ಅವ್ರು ಸುಳ್ಳೇಳುದ್ರು, ಅವ್ರ್ ತಲೆ ಉಳಿಸ್ಕಳಕ್ಕೆ. ನಿಂಗೇನಾಗಿತ್ತವ್ವ?"

ಕೋಮಲ ನೇಮಗೀಮ ಮರೆತು, ಆ ಮೇಜಿನಲ್ಲಿ ಮೊದಲ ಸಲ ತಾನೇ ಪೆನ್ನು ತೆಗೆದಳು. ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ತಪ್ಪಾಯ್ತವ್ವಾ. ಗೈಡ್ ಹತ್ರ ನಾನೇ ಹೋಗ್ತೀನಿ, ಹೊಸದಾಗಿ ಟೈಪ್ ಮಾಡಿಸ್ತೀವಿ. ಹೇಳು, ನೀನು ಹೇಳಿದ ಹಾಗೇ ಬರೀತೀನಿ. ಹೆಸರು ಹೇಳವ್ವಾ."

ಮರಿತಾಯಮ್ಮ ಹಾಳೆಯನ್ನು ಅಲ್ಲೇ ಬಿಟ್ಟು ಎದ್ದಳು.

"ಒಂದ್ಸಲ ಏಳಿದ್ದೆ ಕಣವ್ವ," ಎಂದಳು. "ಇನ್ನೇಳಲ್ಲ."