ಇಳಿಜಾರಿನ ನಾಲ್ಕು ಹಾಲುಮರಗಳು

ಚಲುವಮ್ಮನ ಮಗಳು ಬದುಕಿದ್ದು ಹನ್ನೊಂದು ದಿನ. ಆ ಹನ್ನೊಂದು ದಿನದ ಹೆಸರಿನಲ್ಲಿ ಚಲುವಮ್ಮನನ್ನು ಇಪ್ಪತ್ತೆಂಟು ವರ್ಷ ದುಡಿಸಿಕೊಂಡ ಭೂಪ ಅವಳ ಗಂಡನ ಅಣ್ಣ ಚಿಕ್ಕಮಾದಯ್ಯ. ಹೊಡೆದವನಲ್ಲ, ಬೈದವನೂ ಅಲ್ಲ. ಅಂಥವನಿಗೆ ಹೊಡೆಯುವ ಅಗತ್ಯವಾದರೂ ಎಲ್ಲಿತ್ತು?

ಮೇಲುಕೋಟೆ ಬೆಟ್ಟದ ಇಳಿಜಾರಿನಲ್ಲಿ ಇವರದು ಒಂಟಿಮನೆ. ಮೊಲೆ ಕುಡಿಯುವ ಕೂಸು ಸತ್ತರೆ ಈ ಮನೆತನದವರು ಸುಡುವುದಿಲ್ಲ, ಸ್ಮಶಾನಕ್ಕೂ ಒಯ್ಯುವುದಿಲ್ಲ. ಸ್ವಂತ ಜಮೀನಿನಲ್ಲೇ ಯಾವುದಾದರೂ ಹಾಲುಮರದ ಬುಡದಲ್ಲಿ ಹೂಳುತ್ತಾರೆ. ಹಾಲುಮರವೆಂದರೆ ಕಚ್ಚು ಹಾಕಿದರೆ ಬಿಳಿ ಹಾಲು ಸುರಿಸುವ ಮರ. ಹೂಳುವವರು ಗಂಡಸರು. ಯಾವ ಮರ ಎಂದು ತಾಯಿಗೆ ಹೇಳುವಂತಿಲ್ಲ. ಹೇಳಿದರೆ ಅವಳು ಅಲ್ಲೇ ಹೋಗಿ ಕೂತು ಅಳುತ್ತಾಳೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎಂಬ ನಂಬಿಕೆ. ಇನ್ನೊಂದು ಕೂಸಿಗೆ ತೊಟ್ಟಿಲು ಕಟ್ಟಿದ ದಿನ ಗಂಡನೇ ಕರೆದೊಯ್ದು ತೋರಿಸಬೇಕು. ಚಲುವಮ್ಮನ ಗಂಡ ನರಸಯ್ಯನೂ ಹಾಗೇ ಅಂದುಕೊಂಡಿದ್ದ. ಎರಡನೇ ತೊಟ್ಟಿಲು ಕಟ್ಟುವ ಮೊದಲೇ, ಹುಲ್ಲು ಕೊಯ್ಯಲು ಹೋದವನು ಹುಳ ಮುಟ್ಟಿ, ಅಂದರೆ ಹಾವು ಕಚ್ಚಿ, ಸತ್ತ. ಕೂಸನ್ನು ಹೂಳಿದ ದಿನ ಹಾರೆ ಹಿಡಿದು ಅವನ ಜೊತೆ ಹೋಗಿದ್ದವನು ಚಿಕ್ಕಮಾದಯ್ಯ ಒಬ್ಬನೇ. ಹಾಗಾಗಿ ಆ ಜಾಗ ಗೊತ್ತಿದ್ದವನು ಅವನೊಬ್ಬನೇ ಉಳಿದ.

ತಿಥಿ ಮುಗಿದ ಮೇಲೆ ಸಂತೆಬಾಚಹಳ್ಳಿಯಿಂದ ಚಲುವಮ್ಮನ ಅಣ್ಣ ಅವಳನ್ನು ಕರೆದೊಯ್ಯಲು ಬಂದ. ಅವಳು ಸೀರೆ ಗಂಟು ಕಟ್ಟಿ ಭಾವನ ಮುಂದೆ ನಿಂತಳು.

"ಯಾವ್ ಮರ ಅಂತ ಯೋಳ್ಬುಡಿ ಬಾವ. ಒಂದ್ಸಲ ಕೈ ಮುಗ್ದು ಒಂಟೋಯ್ತೀನಿ."

"ಗಂಟು ಕಟ್ಕೊಂಡು ಓಗೋರ್ಗೆ ಯಾಕಮ್ಮಿ ಯೋಳ್ಬೇಕು? ಇದ್ಕೊಂಡಿರು. ಕಾಲ ಬಂದಾಗ ಯೋಳ್ತೀನಿ."

ಅವಳು ಗಂಟು ಬಿಚ್ಚಿದಳು. ಅಣ್ಣ ಬರಿಗೈಲಿ ಬಸ್ಸು ಹತ್ತಿದ. ನರಸಯ್ಯನ ಪಾಲಿನ ಜಮೀನನ್ನು ಆಮೇಲೆ ಯಾರೂ ಕೇಳಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಅವಳ ಗಾಣ. ಕೋಳಿ ಕೂಗುವ ಹೊತ್ತಿಗೆ ಎದ್ದು ಕೊಟ್ಟಿಗೆ ಬಾಚಬೇಕು. ಕೆಳಗಿನ ಕಟ್ಟೆಯಿಂದ ಬಿಂದಿಗೆ ಹೊತ್ತು ಇಳಿಜಾರು ಹತ್ತಬೇಕು. ಮುದ್ದೆ ತಿರುವಬೇಕು, ಹುರುಳಿ ಬಡಿಯಬೇಕು, ವಾರಗಿತ್ತಿ ಮಂಗಳಮ್ಮನ ಮಂಡಿಗೆ ಎಣ್ಣೆ ತಿಕ್ಕಬೇಕು. ಮಂಗಳಮ್ಮನಿಗೆ ಇವಳಿಗಿಂತ ಮೂರೇ ವರ್ಷ ಹೆಚ್ಚು, ಆದರೂ ಆ ಮಂಡಿ ಮಾತ್ರ ಯಾವತ್ತೂ ನೋಯುತ್ತಿತ್ತು. ವರ್ಷಕ್ಕೊಂದು ಸಲ ಚಲುವಮ್ಮ ಕೇಳುವಳು, ಭಾವ "ಯೋಳ್ತೀನ್ ಬುಡಮ್ಮಿ" ಎಂದು ಮೂಗಿಗೆ ತುಪ್ಪ ಸವರಿ ಕಳಿಸುವನು. ಇಳಿಜಾರಿನಲ್ಲಿದ್ದ ಹಾಲುಮರಗಳು ನಾಲ್ಕು: ಬಸರಿ, ಗೋಣಿ, ಅತ್ತಿ, ಹಲಸು. ಅವುಗಳಲ್ಲಿ ಯಾವುದು ತನ್ನದೆಂದು ತಿಳಿಯದೆ ಅವಳು ನಾಲ್ಕಕ್ಕೂ ದಿನಾ ಒಂದೊಂದು ಚೊಂಬು ನೀರು ಹಾಕಿದಳು. ಬೇಸಿಗೆಯಲ್ಲಿ ಕಟ್ಟೆ ಬತ್ತಿದಾಗ ತನ್ನ ಸ್ನಾನ ಬಿಟ್ಟು ಹಾಕಿದಳು.

ಈ ವರ್ಷ ಶಿವರಾತ್ರಿ ಕಳೆದದ್ದೇ ಚಿಕ್ಕಮಾದಯ್ಯ ಕುರಿ ಶೆಡ್ಡು ಕಟ್ಟಲು ಇಳಿಜಾರು ಬಯಲು ಮಾಡಿಸಲು ಹೊರಟ. ಮರ ಉರುಳಿಸಲು ಕೂಲಿಯವನು ಕುಳ್ಳಯ್ಯ ಗರಗಸದ ಮೆಷಿನ್ನು ತಂದ. ಕೊಂಬೆ ಸವರುವುದು, ಸೌದೆ ಸೀಳುವುದು, ಬೊಡ್ಡೆ ಕೀಳುವುದು ಚಲುವಮ್ಮನ ಪಾಲಿಗೆ ಬಂತು. ಐವತ್ತೆರಡು ವರ್ಷದ ಹೆಂಗಸು, ಎತ್ತಿಗೂ ಇಷ್ಟು ಕೆಲಸ ಹೇಳುವುದಿಲ್ಲ.

"ಆ ಒಂದ್ ಮರ ಬುಟ್ಬುಡಿ ಬಾವ," ಎಂದಳು.

"ಕೆಲ್ಸ ಮುಗೀಲಿ. ಈ ಸಲ ಯೋಳೇಬುಡ್ತೀನಿ."

ಮೊದಲ ದಿನ ಅವನು ಬೆರಳು ತೋರಿಸಿದ್ದು ಬಸರಿಯನ್ನು. ಮೆಷಿನ್ನು ಗುರ್ರೆಂದಾಗ ಚಲುವಮ್ಮನ ಜೀವ ಬಾಯಿಗೆ ಬಂತು. ಆಮೇಲೆ ಅವಳೇ ಒಂದು ಲೆಕ್ಕ ಹಾಕಿದಳು. ಭಾವನೂ ಮಕ್ಕಳೊಂದಿಗ. ಕೂಸಿನ ಮೇಲೆ ಮಣ್ಣೆಳೆದವನೇ ಅವನು. ಅದೇ ಮರವಾಗಿದ್ದರೆ ಕಡಿಸುತ್ತಿದ್ದನೇ? ಅಂದಮೇಲೆ ಇದು ಅಲ್ಲ. ಹಾಗೆ ಅಂದುಕೊಂಡದ್ದೇ ಎದೆ ಹಗುರಾಯಿತು. ಮೂರು ದಿನ ಗುದ್ದಲಿ ಹಿಡಿದು ಆ ಬೊಡ್ಡೆ ಅಗೆದಳು, ಕುಳ್ಳಯ್ಯನ ಜೊತೆ ನಗುತ್ತಾ ಅಗೆದಳು. ಮಣ್ಣಿನ ಕಡೆ ಕಣ್ಣು ಹಾಯಿಸಲಿಲ್ಲ. 

ಆಮೇಲೆ ಗೋಣಿ ಉರುಳಿತು. ಅತ್ತಿಯೂ ಉರುಳಿತು. ಒಂದೊಂದು ಬಿದ್ದಾಗಲೂ ಚಲುವಮ್ಮನ ಮುಖ ಅರಳುತ್ತಾ ಹೋಯಿತು. ಹಲಸೊಂದೇ ಉಳಿದಾಗ ಅವಳಿಗೆ ಕೇಳುವ ಅಗತ್ಯವೇ ಕಾಣಲಿಲ್ಲ. ಬುಡ ತೊಳೆದು ಅರಿಸಿನ ಕುಂಕುಮ ಇಟ್ಟಳು. ಹಗಲು ಹೊತ್ತಿನಲ್ಲಿ, ಕೆಲಸ ಬಿಟ್ಟು, ಕಾಂಡಕ್ಕೆ ಬೆನ್ನು ಕೊಟ್ಟು ಕೂತಳು. ಮಗಳಿಗೆ ಹೇಳಬೇಕಾದದ್ದನ್ನೆಲ್ಲ ಮೆಲ್ಲಗೆ ಹೇಳತೊಡಗಿದಳು. ನಿನ್ನಪ್ಪನಿಗೆ ಹುಳ ಮುಟ್ಟಿತು ಕಂದಾ ಎಂದಳು, ನಿನಗೆ ಹೆಸರಿಡಲೂ ಆಗಲಿಲ್ಲ ಎಂದಳು. ಇಷ್ಟು ಸುಖವಾಗಿ ಅವಳು ಎಂದೂ ಅತ್ತಿರಲಿಲ್ಲ.

ಕಸ ಚೆಲ್ಲಲು ಬಂದ ಮಂಗಳಮ್ಮ ನೋಡಿ ಹೋಗಿ ಗಂಡನಿಗೆ ಹೇಳಿದಳು. ಚಿಕ್ಕಮಾದಯ್ಯ ಎಲೆಅಡಿಕೆ ಅಗಿಯುತ್ತಾ ಹೊರಗೆ ಬಂದ.

"ಅದ್ರತಾವ್ ಯಾಕಮ್ಮಿ ಕುಂತಿದ್ದೀಯೆ?"

"ಇದೇ ಅಲ್ವಾ ಬಾವ?"

"ಅದು ಹಣ್ ಬುಡೋ ಮರ ಅಂತ ಬುಟ್ಟಿರೋದು. ನಿನ್ ಕೂಸು ಇದ್ದುದ್ದು ಬಸರಿ ತಾವ."

ಚಲುವಮ್ಮ ಎದ್ದು ನಿಂತಳು. "ಅದ್ನ ಮೊದಲ್ನೇ ದಿನಾನೇ ಕಡ್ಸುದ್ರಿ."

"ಊ ಕಣಮ್ಮಿ. ಮೊದ್ಲೇ ಯೋಳಿದ್ರೆ ಬೊಡ್ಡೆ ಕೀಳ್ತಿದ್ಯಾ ನೀನು? ತಬ್ಕೊಂಡು ಕುಂತ್ಬುಡೋಳು. ಅದ್ಕೇ ಅದ್ನೇ ಮೊದ್ಲು ತೆಗುಸ್ದೆ." ಎಲೆಅಡಿಕೆ ಉಗಿದು ಬಾಯಿ ಒರೆಸಿಕೊಂಡ. "ಯೋಳ್ತೀನಿ ಅಂದಿದ್ದೆ, ಯೋಳಿದ್ದೀನಿ. ಓಗಿ ಕೊಟ್ಟಿಗೆ ಬಾಚು, ಹೊತ್ತಾಯ್ತು."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವನ ಮಟ್ಟಿಗೆ ಅದೊಂದು ಕೆಲಸ, ಮುಗಿದಿತ್ತು.

ಚಲುವಮ್ಮ ಸಗಣಿ ಹೊರುವ ಮಂಕರಿ ಎತ್ತಿಕೊಂಡು ಹೋದಳು. ಅಷ್ಟು ವರ್ಷದ ರೂಢಿ, ಕಾಲು ತಾನಾಗಿ ನಡೆಯಿತು. ಕೊಟ್ಟಿಗೆಯ ಬಾಗಿಲವರೆಗೆ ಹೋದವಳಿಗೆ ಆಗ ಹೊಳೆಯಿತು. ಬಸರಿಯ ಬುಡದಿಂದ ಅಗೆದ ಮಣ್ಣನ್ನು ಒಂದು ಹಿಡಿಯೂ ಬಿಡದೆ ಇದೇ ಮಂಕರಿಯಲ್ಲಿ ಹೊತ್ತು ತಂದದ್ದು ಅವಳೇ. ಕೊಟ್ಟಿಗೆಯ ನೆಲ ಹಳ್ಳ ಬಿದ್ದಿದೆ, ಅದಕ್ಕೆ ಸುರಿ ಎಂದಿದ್ದವನು ಭಾವ. ಸುರಿದು, ನೀರು ಚಿಮುಕಿಸಿ, ಗಟ್ಟಿಯಾಗಲೆಂದು ಕಾಲಿನಿಂದ ತುಳಿದವಳೂ ಅವಳೇ.

"ಏನ್ ನಿಂತ್ಬುಟ್ಟೆ ಚಲುವಿ?" ಎಂದು ಮಂಗಳಮ್ಮ ಒಳಗಿನಿಂದ ಕೂಗಿದಳು.

ಚಲುವಮ್ಮ ಎತ್ತಿದ ಕಾಲನ್ನು ಎಲ್ಲಿ ಊರುವುದೆಂದು ತಿಳಿಯದೆ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಒಳಗೆ ಕಟ್ಟಿದ್ದ ಹಸು ಬಾಲ ಎತ್ತಿ ಉಚ್ಚೆ ಹುಯ್ಯುತ್ತಿತ್ತು. ನೆಲ ಅದನ್ನು ಹೀರಿಕೊಳ್ಳುತ್ತಿತ್ತು.